ಉಸಿರಿಗೆ ಜಾಗ ಎಲ್ಲಿ? ಐರಿಷ್ ಕೊಳಲಿನ ಸೆಳೆತ

ರೀಲ್ ಎಂಬ ಐರಿಷ್ ಕುಣಿತದ ಮಟ್ಟೊಂದನ್ನು ಕಾಗದದ ಮೇಲೆ ಬರೆದು ನೋಡಿ. ಪುನರಾವರ್ತನೆ ಸೇರಿ 32 ಬಾರ್ (ತಾಳದ ಅಳತೆಯ ಒಂದೊಂದು ಮನೆ), ಒಂದೊಂದು ಬಾರ್‌ಗೆ 8 ಸ್ವರದಂತೆ ಒಟ್ಟು 256. ನಡುವೆ ವಿರಾಮದ ಗುರುತು ಬಹುತೇಕ ಎಲ್ಲೂ ಸಿಗುವುದಿಲ್ಲ. ಕುಣಿತದ ವೇಗದಲ್ಲಿ ಇಷ್ಟೂ ಸುಮಾರು 34 ಸೆಕೆಂಡಿನಲ್ಲಿ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎರಡು ಮೂರು ಸುತ್ತಾದ ಮೇಲೆ, ನಿಲ್ಲದೆಯೇ, ಇನ್ನೊಂದು ಮಟ್ಟಿಗೆ ಜಿಗಿತ. ಪಿಟೀಲಿನವರಿಗೆ ಇದರಿಂದ ತೊಂದರೆಯಿಲ್ಲ, ಕಮಾನು ಹೋಗಿ ಬರುತ್ತಿರುತ್ತದೆ. ಅಕಾರ್ಡಿಯನ್ನಿಗೆ ತಿದಿ ಇದೆ. ಐರಿಷ್ ಬ್ಯಾಗ್‌ಪೈಪಿಗೆ ಮೊಣಕೈಯಡಿ ಚೀಲವಿದೆ. ಕೊಳಲಿನವರು ಮಾತ್ರ ಉಸಿರು ಎಳೆದುಕೊಳ್ಳಲೇಬೇಕು, ಹಾಗಾಗಿ ಒಂದಷ್ಟು ಸ್ವರಗಳನ್ನು ಬಿಡಲೇಬೇಕು.

ಯಾವ ಸ್ವರ ಬಿಡಬೇಕು, ಎಲ್ಲಿ ಬಿಡಬೇಕು? ಐರಿಷ್ ಕೊಳಲಿನ ಸೊಗಸೆಲ್ಲ ಈ ಪ್ರಶ್ನೆಯಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಕೆಲ್ಟಿಕ್ ಕೊಳಲು’ ಎಂದು ಹುಡುಕಿದರೆ ಮಂಜು ಮುಸುಕಿದ ಬೆಟ್ಟ, ಪ್ರತಿಧ್ವನಿಯಲ್ಲಿ ಅದ್ದಿದ ನಿಧಾನದ ರಾಗಗಳು ರಾಶಿ ರಾಶಿ ಬರುತ್ತವೆ. ಅವು ಕಿವಿಗೆ ಹಿತವಾಗಿರಬಹುದು. ಆದರೆ ಈ ಸಂಗೀತ ಹುಟ್ಟಿದ್ದು ಕಾಲು ಕುಣಿಸಲಿಕ್ಕೆ, ಅದರ ಜೀವ ಇರುವುದು ಲಯದಲ್ಲಿ. ಆ ಲಯವನ್ನು ಕಡೆಯುವ ಉಳಿ ಉಸಿರು.

ಲಯದ ಲೆಕ್ಕ ನಮ್ಮವರಿಗೆ ಕಷ್ಟವೇನಲ್ಲ. ಜಿಗ್ ಎಂಬ ಇನ್ನೊಂದು ಬಗೆಯ ಕುಣಿತದ ಮಟ್ಟಿನಲ್ಲಿ ಒಂದೊಂದು ಬಾರ್‌ಗೆ ಎರಡು ತಕಿಟ. ಸ್ಲಿಪ್ ಜಿಗ್ ಎಂದರೆ ಮೂರು ತಕಿಟ. ರೀಲ್ ಎಂದರೆ ಎರಡು ತಕಧಿಮಿ. ಎಂಟು ಬಾರಿನ ಮೊದಲ ಭಾಗ ಎರಡು ಸಲ, ಎಂಟು ಬಾರಿನ ಎರಡನೆಯ ಭಾಗ ಎರಡು ಸಲ, ಅಲ್ಲಿಗೆ ಒಂದು ಸುತ್ತು. ಆದರೆ ತಕಿಟದ ಮೂರು ಅಕ್ಷರಗಳನ್ನು ಅಳತೆಪಟ್ಟಿ ಇಟ್ಟ ಹಾಗೆ ಸಮ ಊದಿದರೆ ಜಿಗ್ ಸತ್ತೇಹೋಗುತ್ತದೆ. ‘ತ’ ಕೂದಲೆಳೆಯಷ್ಟು ಉದ್ದ, ‘ಕಿ’ ಹಗುರ, ‘ಟ’ ಮುಂದಿನ ‘ತ’ವನ್ನು ತಳ್ಳುವಂತೆ ಬರಬೇಕು. ಇದು ಬರವಣಿಗೆಯಲ್ಲಿ ಇರುವುದಿಲ್ಲ, ಕೇಳಿಯೇ ಹಿಡಿಯಬೇಕು.

ಕೇಳಲು ಎರಡು ಹೆಸರು ಸಾಕು. ಲೀಟ್ರಿಮ್ ಕೌಂಟಿಯ ಜಾನ್ ಮೆಕೆನ್ನಾ (1880–1947) ನ್ಯೂಯಾರ್ಕಿಗೆ ವಲಸೆ ಹೋಗಿ ಅಲ್ಲಿ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದವರು. 1921ರಿಂದ ಅವರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳು ಬಂದವು. ಅವರ ಊದುವಿಕೆಯಲ್ಲಿ ಉಸಿರು ಪದೇ ಪದೇ ಕಡಿಯುತ್ತದೆ, ಒಂದೊಂದು ತುಂಡೂ ಒಳಗಿನಿಂದ ನೂಕಿದ ಹಾಗೆ ಕೇಳುತ್ತದೆ. ಉಸಿರೆಳೆದುಕೊಂಡ ಜಾಗ ಅವರಲ್ಲಿ ಗುಟ್ಟಲ್ಲ, ಅದೇ ತಾಳದ ಪೆಟ್ಟು. ಇನ್ನೊಬ್ಬರು ಮ್ಯಾಟ್ ಮೊಲಾಯ್. ಮೆಕೆನ್ನಾ ತೀರಿಕೊಂಡ 1947ರಲ್ಲೇ ರಾಸ್‌ಕಾಮನ್ ಕೌಂಟಿಯ ಬ್ಯಾಲಹಡರೀನ್‌ನಲ್ಲಿ ಹುಟ್ಟಿದವರು, ಬಾಥಿ ಬ್ಯಾಂಡ್‌ನಲ್ಲಿದ್ದು 1979ರಲ್ಲಿ ಚೀಫ್‌ಟನ್ಸ್ ತಂಡ ಸೇರಿದವರು. ಅವರದು ಉದ್ದುದ್ದ ಸಾಲು, ಪೈಪಿನ ಬೆರಳಾಟವನ್ನೆಲ್ಲ ಕೊಳಲಿಗೆ ಇಳಿಸಿದ ಶೈಲಿ. ಉಸಿರೆಳೆದದ್ದು ಎಲ್ಲಿ ಎಂದು ಹುಡುಕಬೇಕಾಗುತ್ತದೆ. ಇಬ್ಬರನ್ನೂ ಒಂದೇ ಕೂತಲ್ಲಿ ಕೇಳಿ, ಒಂದು ಸುತ್ತಿನಲ್ಲಿ ಎಷ್ಟು ಕಡೆ ಉಸಿರು ಕಡಿದಿದೆ ಎಂದು ಬೆರಳಲ್ಲಿ ಎಣಿಸಿ. ಈ ಸಂಗೀತದ ಒಳಗೆ ಹೋಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಊದಿ ಕಲಿಯುವವರಿಗೆ ಉಸಿರಿನ ವಿಷಯದಲ್ಲಿ ಮೊದಲ ಪಾಠ ಇದು: ಸ್ವರಗಳ ನಡುವೆ ಉಸಿರನ್ನು ತುರುಕಲು ಹೋಗಬೇಡಿ. ತುರುಕಿದರೆ ತಾಳ ಜಾರುತ್ತದೆ, ಉಸಿರೂ ಅರ್ಧ ಮಾತ್ರ ಬರುತ್ತದೆ. ಒಂದು ಸ್ವರವನ್ನು ಪೂರ್ತಿ ಬಿಟ್ಟು, ಆ ಜಾಗದಲ್ಲಿ ಬಾಯಿಂದ ಒಮ್ಮೆಲೇ ಎಳೆದುಕೊಳ್ಳಿ. ಬಿಡುವುದು ಪೆಟ್ಟು ಬೀಳದ ಸ್ವರವಾಗಿರಲಿ, ಉದಾಹರಣೆಗೆ ತಕಿಟದ ‘ಕಿ’. ಇನ್ನೂ ಸುಲಭದ ಜಾಗವೆಂದರೆ ಮೂರು ಅಕ್ಷರ ಕಾಲ ನಿಲ್ಲುವ ದೀರ್ಘ ಸ್ವರ: ಎರಡು ಅಕ್ಷರ ಊದಿ, ಮೂರನೆಯದರಲ್ಲಿ ಉಸಿರು. ಹೊಸಬರು ಸಾಮಾನ್ಯವಾಗಿ ಭಾಗ ಮುಗಿದಲ್ಲೇ, ಪ್ರತಿ ಎಂಟನೆಯ ಬಾರಿನ ಕೊನೆಗೇ ಉಸಿರೆಳೆಯುತ್ತಾರೆ. ಆಗ ಮಟ್ಟು ಇಟ್ಟಿಗೆ ಜೋಡಿಸಿದ ಹಾಗೆ ಚೌಕ ಚೌಕವಾಗುತ್ತದೆ. ಸಾಲಿನ ಕೊನೆಯನ್ನು ದಾಟಿ, ಮುಂದಿನ ಸಾಲಿನ ಮೊದಲ ಸ್ವರ ಊದಿ, ಅದರ ಬೆನ್ನಿಗೆ ಉಸಿರು ತೆಗೆದುಕೊಂಡರೆ ಎರಡು ಸಾಲಿಗೂ ಹೊಲಿಗೆ ಬೀಳುತ್ತದೆ. ಎದೆ ಪೂರ್ತಿ ಖಾಲಿಯಾಗುವ ತನಕ ಕಾಯಲೂಬಾರದು. ಕಾದರೆ ಕೊನೆಯ ಸ್ವರಗಳ ಶ್ರುತಿ ಇಳಿಯುತ್ತದೆ, ದಮ್ಮು ಕಟ್ಟಿ ಮುಂದಿನ ಉಸಿರು ಸದ್ದು ಮಾಡುತ್ತದೆ. ಒಂದು ಮಟ್ಟಿಗೆ ಏಳೆಂಟು ಜಾಗ ಗುರುತಿಟ್ಟುಕೊಂಡು, ಸುತ್ತಿನಿಂದ ಸುತ್ತಿಗೆ ಬೇರೆ ಬೇರೆ ಜಾಗ ಬಳಸಿ. ಒಂದೇ ಮಟ್ಟು ಮೂರು ಸಲ ಬಂದರೂ ಬೇಸರವಾಗದಿರುವುದರ ಗುಟ್ಟು ಬಹುಪಾಲು ಇಲ್ಲೇ ಇದೆ.

ಇನ್ನು ನಾಲಿಗೆ. ಪಾಶ್ಚಾತ್ಯ ಶಾಸ್ತ್ರೀಯ ಕೊಳಲಿನವರಂತೆ ‘ತು ತು’ ಎಂದು ಸ್ವರ ಸ್ವರಕ್ಕೂ ನಾಲಿಗೆ ತಾಗಿಸುವುದು ಇಲ್ಲಿ ಕಡಿಮೆ. ಸ್ವರ ಬಿಡಿಸುವ ಕೆಲಸ ಬೆರಳಿನದು, ಒತ್ತು ಕೊಡುವ ಕೆಲಸ ಗಂಟಲಿನದು. ಸಣ್ಣಗೆ ಕೆಮ್ಮುವ ಮೊದಲು ಗಂಟಲು ಮುಚ್ಚಿಕೊಳ್ಳುತ್ತದಲ್ಲ, ಅದೇ ಹಿಡಿತ.

ಬೆರಳಿನ ಅಲಂಕಾರಗಳಲ್ಲಿ ಮೂಲ ಎರಡೇ. ‘ಕಟ್’ ಎಂದರೆ ಮುಚ್ಚಿದ ಬೆರಳೊಂದನ್ನು ಮಿಟುಕಿಸಿ ಎತ್ತಿ ಮುಚ್ಚುವುದು. ‘ಟ್ಯಾಪ್’ ಎಂದರೆ ತೆರೆದ ರಂಧ್ರವನ್ನು ಬೆರಳಿಂದ ಹೊಡೆದು ಬಿಡುವುದು. ಪಾಶ್ಚಾತ್ಯ ಹೆಸರಿನ ಡಿ, ಇ, ಎಫ್ ಶಾರ್ಪ್, ಜಿ ಸ್ವರಗಳಿಗೆ ಎಡಗೈ ಉಂಗುರ ಬೆರಳಿನಿಂದ ಕಟ್ ಕೊಡಬಹುದು. ಎ, ಬಿ ಸ್ವರಗಳಿಗೆ ಹಲವರು ತೋರುಬೆರಳು ಎತ್ತುತ್ತಾರೆ. ಕಟ್ ಒಂದು ಸ್ವರವಾಗಿ ಕೇಳಿಸಲೇಬಾರದು, ಟಕ್ ಎಂಬ ಕೊರೆತವಾಗಿ ಮಾತ್ರ ಕೇಳಬೇಕು. ನಿಮ್ಮ ಕಟ್‌ನ ಶ್ರುತಿ ಯಾವುದೆಂದು ಕೇಳುವವರು ಗುರುತಿಸುವಂತಿದ್ದರೆ ಬೆರಳು ನಿಧಾನವಾಗಿದೆ, ಅಥವಾ ಹೆಚ್ಚು ಎತ್ತರಕ್ಕೆ ಎದ್ದಿದೆ. ರಂಧ್ರದಿಂದ ನಾಲ್ಕೈದು ಮಿಲಿಮೀಟರ್ ಎದ್ದರೆ ಸಾಕು.

ಇವೆರಡನ್ನೂ ಸೇರಿಸಿದರೆ ‘ರೋಲ್’. ಸ್ವರ, ಕಟ್ ಕೊಟ್ಟು ಅದೇ ಸ್ವರ, ಟ್ಯಾಪ್ ಕೊಟ್ಟು ಮತ್ತೆ ಅದೇ ಸ್ವರ. ಜಿ ಮೇಲೆ ಹೀಗೆ ಮಾಡಿ: ಎಡಗೈ ಮೂರೂ ಬೆರಳು ಮುಚ್ಚಿ ಜಿ ಊದಿ, ಉಂಗುರ ಬೆರಳು ಮಿಟುಕಿಸಿ, ಬಲಗೈ ತೋರುಬೆರಳಿನಿಂದ ಅದರ ರಂಧ್ರಕ್ಕೆ ಒಂದು ಹೊಡೆತ. ಗಾಳಿ ಎಲ್ಲೂ ನಿಲ್ಲಬಾರದು. ದೀರ್ಘ ರೋಲ್ ಮೂರು ಅಕ್ಷರ ಕಾಲ, ತಕಿಟಕ್ಕೆ ಸರಿಯಾಗಿ ಕೂರುತ್ತದೆ. ಮೆಟ್ರೋನೋಮ್ 60ಕ್ಕೆ ಇಟ್ಟು ಒಂದು ಬಡಿತಕ್ಕೆ ಒಂದು ರೋಲ್ ಎಂದು ಶುರು ಮಾಡಿ, ಕಟ್ ಮತ್ತು ಟ್ಯಾಪ್ ಸರಿಯಾಗಿ ಎರಡನೆಯ, ಮೂರನೆಯ ಅಕ್ಷರದ ತಲೆಯ ಮೇಲೆ ಬೀಳುತ್ತಿವೆಯೇ ನೋಡಿ. ಐದೂ ಸದ್ದನ್ನು ಒಟ್ಟಿಗೆ ಗಡಿಬಿಡಿಯಲ್ಲಿ ಉದುರಿಸುವುದೇ ಸಾಮಾನ್ಯ ತಪ್ಪು. ಆಗ ಅದು ಲಯಕ್ಕೆ ಏನನ್ನೂ ಕೊಡುವುದಿಲ್ಲ.

ಕರ್ನಾಟಕ ಸಂಗೀತದ ಕೊಳಲು ಕಲಿತವರಿಗೆ ಬೆರಳಿನ ಚುರುಕು ಮೊದಲೇ ಇರುತ್ತದೆ, ಆದರೆ ಜಾರು ಅಡ್ಡ ಬರುತ್ತದೆ. ಸ್ವರದಿಂದ ಸ್ವರಕ್ಕೆ ಬೆರಳು ತಾನಾಗಿ ಜಾರುತ್ತದೆ, ನಿಂತ ಸ್ವರ ತಾನಾಗಿ ತೂಗುತ್ತದೆ. ರೀಲ್‌ನಲ್ಲಿ ಇವೆರಡೂ ಪೆಟ್ಟಿನ ಅಂಚನ್ನು ಮೊಂಡು ಮಾಡುತ್ತವೆ. ಬೆರಳು ನೇರವಾಗಿ ಎದ್ದು ನೇರವಾಗಿ ಬೀಳಲಿ. ಜಾರನ್ನು ನಿಧಾನದ ಹಾಡುಮಟ್ಟುಗಳಿಗೆ ಉಳಿಸಿಕೊಳ್ಳಿ.

ರಾಗದ ಕಡೆಯಿಂದ ಮಾತ್ರ ನಮಗೆ ದೊಡ್ಡ ಅನುಕೂಲವಿದೆ. ಕೀಲಿಗಳಿಲ್ಲದ (ರಂಧ್ರ ಮುಚ್ಚಿ ತೆರೆಯುವ ಲೋಹದ ಗುಂಡಿಗಳಿಲ್ಲದ) ಈ ಕೊಳಲಿಗೆ ಆರೇ ರಂಧ್ರ. ಎಲ್ಲ ಮುಚ್ಚಿದರೆ ಡಿ, ಒಂದೊಂದಾಗಿ ತೆರೆದರೆ ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ ಶಾರ್ಪ್. ಇಷ್ಟರಲ್ಲಿ ಗ್ರಹಭೇದ ಮಾಡಿ, ಅಂದರೆ ಅವೇ ಸ್ವರಗಳಲ್ಲಿ ಷಡ್ಜದ ಜಾಗ ಬದಲಿಸಿ: ಡಿ ಷಡ್ಜವಾದರೆ ಶಂಕರಾಭರಣ, ಇ ಷಡ್ಜವಾದರೆ ಖರಹರಪ್ರಿಯ, ಎ ಆದರೆ ಹರಿಕಾಂಭೋಜಿ, ಬಿ ಆದರೆ ನಠಭೈರವಿ. ಸಿ ಶಾರ್ಪ್ ಬದಲು ಸಿ ಹಿಡಿದರೆ ಜಿ ಶಂಕರಾಭರಣವಾಗುತ್ತದೆ, ಎ ಖರಹರಪ್ರಿಯ, ಡಿ ಹರಿಕಾಂಭೋಜಿ, ಇ ನಠಭೈರವಿ. ಐರಿಷ್ ಕುಣಿತದ ಮಟ್ಟುಗಳಲ್ಲಿ ಬಹುಪಾಲು ಈ ಎಂಟು ಮನೆಗಳೊಳಗೇ ಇವೆ. ಆ ಸಿ ಹಿಡಿಯುವುದು ಹೀಗೆ: ಎಡಗೈ ತೋರುಬೆರಳು ತೆರೆದು, ನಡುಬೆರಳು ಮುಚ್ಚಿ, ಉಂಗುರ ಬೆರಳು ತೆರೆದು, ಬಲಗೈ ಮೂರೂ ಮುಚ್ಚಿ.

ವಾದ್ಯದ ಕಥೆ ಚಿಕ್ಕದು. 1847ರಲ್ಲಿ ಥಿಯೋಬಾಲ್ಡ್ ಬೋಹಮ್ ಕೀಲಿಗಳ ಹೊಸ ಸಿಲಿಂಡರ್ ಕೊಳಲು ತಂದ ಮೇಲೆ ವಾದ್ಯವೃಂದದವರು ನಿಧಾನವಾಗಿ ಹಳೆಯ ಮರದ ಕೊಳಲು ಬಿಟ್ಟರು. ಅವು ಅಗ್ಗಕ್ಕೆ ಸಿಕ್ಕಿ ಹಳ್ಳಿಗರ ಕೈ ಸೇರಿದವು. ಸ್ಲೈಗೊ, ಲೀಟ್ರಿಮ್, ರಾಸ್‌ಕಾಮನ್ ಕಡೆ ಚೆನ್ನಾಗಿ ಬೇರೂರಿದವು. ಇಂದಿಗೂ ತಯಾರಕರು ಲಂಡನ್ನಿನ ರಡಾಲ್ ಅಂಡ್ ರೋಸ್ ಕೊಳಲುಗಳ ಅಳತೆಯನ್ನೇ ಹಿಂಬಾಲಿಸುತ್ತಾರೆ. ತಲೆಯ ತುಂಡಿನ ಒಳವ್ಯಾಸ ಸುಮಾರು 19 ಮಿಲಿಮೀಟರ್, ಅಲ್ಲಿಂದ ಬುಡದ ಕಡೆಗೆ 12 ಮಿಲಿಮೀಟರ್ ಆಸುಪಾಸಿಗೆ ಕಿರಿದಾಗುತ್ತದೆ. ಹೀಗೆ ಕಿರಿದಾಗುವುದರಿಂದಲೇ ಮೇಲಿನ ಸ್ಥಾಯಿ ಶ್ರುತಿಗೆ ಕೂರುತ್ತದೆ, ರಂಧ್ರಗಳೂ ಬೆರಳಿಗೆ ನಿಲುಕುವಷ್ಟು ಹತ್ತಿರ ಬರುತ್ತವೆ. ಮರ ಹೆಚ್ಚಾಗಿ ಆಫ್ರಿಕಾದ ಕರಿಮರ, ನಮ್ಮ ಬೀಟೆಯ ಕುಲದ್ದೇ.

ಎಲ್ಲ ಬೆರಳೂ ಮುಚ್ಚಿದ ಕೆಳಗಿನ ಡಿ ಈ ಕೊಳಲಿನ ಪರೀಕ್ಷೆ. ಚೆನ್ನಾಗಿ ಬಂದಾಗ ಅದು ಕೊಳಲಿನ ಸದ್ದಲ್ಲವೇ ಅಲ್ಲ, ಒಳಗೆಲ್ಲೋ ಮರ ಗುಂಯ್‌ಗುಡುವ ಒರಟು ಸದ್ದು. ಜೋರಾಗಿ ಊದಿದರೆ ಬರುವುದಿಲ್ಲ, ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ. ತುಟಿಯ ಸಂದನ್ನು ಅಕ್ಕಿಕಾಳಿನಷ್ಟಕ್ಕೆ ಇಳಿಸಿ, ಗಾಳಿಯನ್ನು ರಂಧ್ರದ ಎದುರಂಚಿನಿಂದ ಇನ್ನಷ್ಟು ಒಳಗೆ, ಕೆಳಗೆ ತಿರುಗಿಸಬೇಕು. ಆಗಲೂ ಒಡೆಯುತ್ತಿದ್ದರೆ ತುಟಿಯದಲ್ಲ, ಬೆರಳಿನ ಸೋರಿಕೆ. ಜಿ ಊದುತ್ತಾ ಬಲಗೈ ಬೆರಳುಗಳನ್ನು ಒಂದೊಂದಾಗಿ ಇಳಿಸಿ, ಎಲ್ಲಿ ಸದ್ದು ತೆಳುವಾಯಿತೋ ಅಲ್ಲಿಯ ಬೆರಳು ಸರಿಪಡಿಸಿ. ಬೆರಳಿನ ತುದಿಯಿಂದ ಮುಚ್ಚಲು ಹೋಗದೆ ಬೆರಳಿನ ನಡು ಗೆಣ್ಣಿನ ಮಾಂಸಲ ಭಾಗ ಬಳಸಿದರೆ ಸೋರುವುದು ಕಡಿಮೆ. ದೊಡ್ಡ ಬಾನ್ಸುರಿ ನುಡಿಸುವವರಿಗೆ ಇದು ಗೊತ್ತಿರುವ ಹಿಡಿತ.

ಬಾನ್ಸುರಿಯಲ್ಲೇ ಶುರು ಮಾಡಬಹುದೇ? ಮಾಡಬಹುದು. ಮೂರು ರಂಧ್ರ ಮುಚ್ಚಿದಾಗ ಜಿ ಬರುವ ಮಧ್ಯಮ ಅಳತೆಯದನ್ನು, ಅಂಗಡಿಯವರು ‘ಜಿ’ ಎನ್ನುವುದನ್ನು ಕೇಳಿ. ಆರೂ ಮುಚ್ಚಿ ಊದಿದಾಗ ಶ್ರುತಿ ಅಳೆಯುವ ಟ್ಯೂನರ್ 294 ಹರ್ಟ್ಸ್ ಸುತ್ತ ಡಿ ತೋರಿಸಬೇಕು. ಇನ್ನೂ ಅಗ್ಗದ ದಾರಿ ಡಿ ಶ್ರುತಿಯ ಟಿನ್ ವಿಸಲ್ ಎಂಬ ಸೀಟಿಯಂಥ ಪುಟ್ಟ ಕೊಳಲು: ಬೆರಳು ಅದೇ, ಸದ್ದು ಒಂದು ಸ್ಥಾಯಿ ಮೇಲೆ, ತುಟಿಯ ಕಷ್ಟವಿಲ್ಲ. ಮರದ ಐರಿಷ್ ಕೊಳಲು ಕೊಂಡರೆ ಮೊದಲ ಕೆಲವು ವಾರ ದಿನಕ್ಕೆ 15 ನಿಮಿಷ ಮೀರಬೇಡಿ. ಊದಿದ ಕೂಡಲೇ ಒಳಗಿನ ತೇವ ಒರೆಸಿ, ಆಗಾಗ ತೆಳುವಾಗಿ ಬಾದಾಮಿ ಎಣ್ಣೆ ಹಚ್ಚಿ. ಮರ ಸೀಳುವುದಕ್ಕೆ ಮಳೆಗಿಂತ ಒಣಹವೆ ದೊಡ್ಡ ಕಾರಣ. ಅಮೆರಿಕ, ಕೆನಡಾದ ಕನ್ನಡಿಗರು ಚಳಿಗಾಲದ ಹೀಟರ್ ಕೋಣೆಯಲ್ಲಿ ವಿಶೇಷವಾಗಿ ಎಚ್ಚರವಿರಬೇಕು. ತಲೆಯ ತುಂಡಿನೊಳಗೆ ಲೋಹದ ಕೊಳವೆ ಇರುವ ಕೊಳಲು ಬೇಗ ಸೀಳುತ್ತದೆ, ಏಕೆಂದರೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಒದ್ದೆ ಸ್ಪಂಜಿನ ತುಂಡನ್ನು ತೂತಿನ ಡಬ್ಬಿಯೊಳಗಿಟ್ಟರೆ ಸಾಕಷ್ಟು ರಕ್ಷಣೆ. ಮಳೆಗಾಲದಲ್ಲಿ ಕೊಳಲಿನ ತುಂಡುಗಳು ಸೇರುವ ಕೀಲುಗಳ ಮೇಣದ ದಾರ ಬಿಗಿಯಾದರೆ ಬಲವಂತವಾಗಿ ತಿರುಚದೆ ಎರಡು ಸುತ್ತು ದಾರ ಬಿಚ್ಚಿ. ಇಷ್ಟೆಲ್ಲ ಬೇಡ ಎನ್ನುವವರಿಗೆ ಡೆಲ್ರಿನ್ ಪ್ಲಾಸ್ಟಿಕ್ಕಿನ ಕೊಳಲಿದೆ, ಸದ್ದಿನಲ್ಲಿ ಅದೇನೂ ಕಡಿಮೆಯಲ್ಲ.

ಮೊದಲ ಮಟ್ಟು ಯಾವುದು? ಒಂದು ನಿಮಗೆ ಆಗಲೇ ಗೊತ್ತಿರಬಹುದು. ಮುತ್ತುಸ್ವಾಮಿ ದೀಕ್ಷಿತರ (1775–1835) ನೊಟ್ಟುಸ್ವರಗಳಲ್ಲಿ, ಅಂದರೆ ಪಾಶ್ಚಾತ್ಯ ಮಟ್ಟುಗಳಿಗೆ ಅವರು ಸಾಹಿತ್ಯ ಜೋಡಿಸಿದ ರಚನೆಗಳಲ್ಲಿ, ‘ವಂದೇ ಮೀನಾಕ್ಷಿ’ಯ ಮಟ್ಟು ಐರ್ಲೆಂಡಿನ ಕಾರ್ಕ್ ಕೌಂಟಿಯ ಊರಿನ ಹೆಸರು ಹೊತ್ತ ‘ರೇಕ್ಸ್ ಆಫ್ ಮ್ಯಾಲೊ’. ಜಿಯನ್ನು ಷಡ್ಜ ಮಾಡಿಕೊಂಡು ಊದಿ. ಸ ಗ ಸ ಗ ಎಂದು ಜೋಕಾಲಿ ಆಡುವ ಆರಂಭದಲ್ಲಿ ಪ್ರತಿ ಗಾಂಧಾರವನ್ನೂ ಚಿಕ್ಕದಾಗಿಸಿ, ಷಡ್ಜಕ್ಕೆ ಉಸಿರಿನ ಒತ್ತು ಕೊಡಿ. ಭಜನೆಯ ನಡೆಯಲ್ಲಿ ಕೇಳಿದ ಮಟ್ಟು ಕುಣಿತಕ್ಕೆ ತಿರುಗುವುದು ಈ ಒಂದು ಬದಲಾವಣೆಯಿಂದಲೇ ತಿಳಿಯುತ್ತದೆ.

ತಂಡದ ಸಂಗೀತ ಇಷ್ಟಪಡುವವರು ಲೂನಸ ತಂಡದ ಕೆವಿನ್ ಕ್ರಾಫರ್ಡ್, ಫ್ಲುಕ್ ತಂಡದ ಬ್ರಯನ್ ಫಿನೆಗನ್ ಮತ್ತು ಸಾರಾ ಅಲೆನ್ ಅವರನ್ನು ಕೇಳಿ. ಸಾರಾ ಅವರ ಆಲ್ಟೊ ಕೊಳಲು ಕೆಳಗಿನಿಂದ ಮಂದ್ರದ ಆಸರೆ ಕೊಡುತ್ತದೆ.

ಕೊನೆಯದಾಗಿ, ಐರ್ಲೆಂಡಿನಂತೆಯೇ ಕೆಲ್ಟಿಕ್ ನಾಡಾದ ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ. ಅಲ್ಲಿ ಮರದ ಕೊಳಲು ಬಂದದ್ದು 1970ರ ದಶಕದಲ್ಲಿ, ಜಾನ್-ಮಿಶೆಲ್ ವೆಯೊಂ ಅದರ ಮುಖ್ಯ ಹೆಸರು. ಅಲ್ಲಿಯ ಕುಣಿತದ ಹಾಡುಗಾರಿಕೆ ‘ಕಾನ್ ಹಾ ದಿಸ್ಕಾನ್’ ಇಬ್ಬರದು. ಒಬ್ಬರು ಸಾಲು ಹಾಡುತ್ತಾರೆ, ಅದರ ಕೊನೆಯ ಕೆಲವು ಅಕ್ಷರಗಳಿಗೆ ಇನ್ನೊಬ್ಬರು ದನಿಗೂಡಿಸಿ, ಆಮೇಲೆ ಸಾಲನ್ನು ತಾವೊಬ್ಬರೇ ಪುನಃ ಹಾಡುತ್ತಾರೆ. ಅದರ ಕೊನೆಗೆ ಮೊದಲಿನವರು ಸೇರಿಕೊಳ್ಳುತ್ತಾರೆ. ಕುಣಿಯುವವರಿಗೆ ದನಿ ಕಡಿಯುವುದೇ ಇಲ್ಲ, ಹಾಡುವವರಿಗೆ ಒಂದು ಸಾಲಿನಷ್ಟು ಉಸಿರಾಟ. ಎರಡು ಕೊಳಲು ಇದ್ದರೆ ಮನೆಯಲ್ಲೇ ಮಾಡಬಹುದು: ನಾಲ್ಕು ಬಾರಿನ ಸಾಲು ಆರಿಸಿ, ನಾಲ್ಕನೆಯ ಬಾರಿನ ಉತ್ತರಾರ್ಧಕ್ಕೆ ಎರಡನೆಯವರು ಬಂದು ಸೇರಲಿ. ಸೇರುವವರು ತುಸು ಮೆಲ್ಲಗೆ ಒಳಹೊಕ್ಕು, ಸಾಲಿನ ಮೊದಲ ಪೆಟ್ಟಿಗೆ ಪೂರ್ತಿ ದನಿ ಎತ್ತಲಿ. ಬಿಡುವವರು ಕೊನೆಯ ಸ್ವರವನ್ನು ಚಿಕ್ಕದಾಗಿ ಬಿಟ್ಟು ಕೊಳಲನ್ನು ತುಟಿಯಿಂದ ತೆಗೆಯದೆ ಕಾಯಲಿ.