ಹೌದು, ಇದೇ ನನ್ನ ಕೆಲಸ

“ಸಂಗೀತ ಸರಿ, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ?”

ಈ ಪ್ರಶ್ನೆಗೆ ಇನ್ನು ಮುಂದೆ ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ. ಓದಿ ಬೇಸರವಾದರೆ ಕೇಳಿದ್ದು ನೀವು, ನಾನಲ್ಲ.

ಚುಟುಕು ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪಿಟೀಲು ನುಡಿಸುತ್ತೇನೆ. ವೇದಿಕೆಯಲ್ಲಿ ಹಾಡುವವರ ಹಿಂದೆ ಕುಳಿತು ನುಡಿಸುತ್ತೇನೆ, ಮುಖವನ್ನೇ ನೋಡದ ಗಾಯಕರ ಹಾಡುಗಳಿಗೆ ಮನೆಯಲ್ಲೇ ಪಿಟೀಲು ತುಂಬಿಸಿ ಫೈಲ್ ಕಳುಹಿಸುತ್ತೇನೆ, ಮಕ್ಕಳಿಗೆ ಪಾಠ ಹೇಳುತ್ತೇನೆ. ಮೂರೂ ಸೇರಿದರೆ ತಿಂಗಳು ಸಾಗುತ್ತದೆ. ಸಾಗದ ತಿಂಗಳಲ್ಲಿ ಹಳೆಯ ಬಾಕಿ ಕೊಡಬೇಕಾದವರಿಗೆಲ್ಲ ಫೋನ್ ಮಾಡುತ್ತೇನೆ. ಅದೂ ಈ ಕೆಲಸದ ಭಾಗವೇ. ಅದನ್ನು ಮಾತ್ರ ಯಾವ ಗುರುಗಳೂ ಹೇಳಿಕೊಡುವುದಿಲ್ಲ. ಇಷ್ಟು ತಿಳಿದರೆ ಸಾಕು ಎನ್ನುವವರು ಇಲ್ಲಿಂದಲೇ ಎದ್ದು ಹೋಗಬಹುದು.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಯೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಕೆಲವರು ಕಾಯಿಲೆ ವಿಚಾರಿಸುವವರ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ. ಇನ್ನು ಕೆಲವರಿಗೆ ಹೊತ್ತುಗೊತ್ತು ಇಲ್ಲ. ಒಂದು ಸಮಾರಂಭದಲ್ಲಿ ಎರಡು ಹಾಡುಗಳ ನಡುವೆ ನನ್ನ ಪಿಟೀಲಿನ ಎರಡನೆಯ ತಂತಿ ಕಡಿಯಿತು. ವೇದಿಕೆಯ ಮೂಲೆಯಲ್ಲಿ ಬಗ್ಗಿ ಕುಳಿತು ಹೊಸ ತಂತಿಯನ್ನು ಬಿರಡೆಗೆ ಸುತ್ತುತ್ತಿದ್ದೆ. ಸುತ್ತುಗಳು ಒಂದರ ಮೇಲೊಂದು ಏರದಂತೆ ಬೆರಳಿನಿಂದ ಸರಿಸುತ್ತಾ, ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಅಂದರೆ ಕುದುರೆ, ಮುಂದಕ್ಕೆ ವಾಲದಂತೆ ಇನ್ನೊಂದು ಕೈಯಲ್ಲಿ ಹಿಡಿಯುತ್ತಾ ಮಾಡಬೇಕಾದ ಕೆಲಸ ಅದು. ಆ ಹೊತ್ತಿಗೆ ಸರಿಯಾಗಿ ಒಬ್ಬರು ಮೆಟ್ಟಿಲು ಹತ್ತಿ ಬಂದರು.

“ತುಂಬ ಚೆನ್ನಾಗಿ ನುಡಿಸುತ್ತೀರಿ. ಕೆಲಸ ಎಲ್ಲಿ?”

“ಇದೇ.”

ಅವರು ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡಿರಬೇಕು. “ಅದು ಸರಿ ಸಾರ್, ಹಗಲು ಹೊತ್ತು?”

“ಹಗಲೂ ಇದೇ.”

“ನಮ್ಮ ಮಗನೂ ಗಿಟಾರ್ ನುಡಿಸುತ್ತಾನೆ. ಆದರೆ ಓದಿನಲ್ಲಿ ಬಹಳ ಜಾಣ.”

ನಾನು ತಂತಿಯಿಂದ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಮುಂದಿನ ಹಾಡಿಗೆ ತಬಲಾ ಶುರುವಾಯಿತು. ಹೊಸ ತಂತಿಯ ಗುಣ ಗೊತ್ತಿದ್ದವರಿಗೆ ಗೊತ್ತು: ಹಾಕಿದ ದಿನವೆಲ್ಲ ಅದು ಇಳಿಯುತ್ತಲೇ ಇರುತ್ತದೆ. ಪಲ್ಲವಿಯಲ್ಲಿ ಸರಿಯಿದ್ದ ಶ್ರುತಿ ಚರಣಕ್ಕೆ ಬರುವಷ್ಟರಲ್ಲಿ ಜಾರಿರುತ್ತದೆ. ನಡುವೆ ನಿಲ್ಲಿಸಿ ಬಿರಡೆ ತಿರುಗಿಸುವಂತಿಲ್ಲ. ಆ ತಂತಿಯನ್ನು ಬೆರಳೊತ್ತದೆ ಎಲ್ಲೂ ನುಡಿಸದೆ, ಪ್ರತಿ ಸ್ವರಕ್ಕೂ ಬೆರಳನ್ನು ಕೂದಲೆಳೆಯಷ್ಟು ಕುದುರೆಯ ಕಡೆಗೆ ಸರಿಸಿ ಹಾಡು ಮುಗಿಸಿದೆ. ಎಷ್ಟು ಸರಿಸಬೇಕೆಂಬ ಅಳತೆಯೂ ಸಾಲಿನಿಂದ ಸಾಲಿಗೆ ಬದಲಾಗುತ್ತಿತ್ತು. ಸಭೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನುಡಿಸುವುದಕ್ಕೇ ನನಗೆ ಸಂಭಾವನೆ ಕೊಡುವುದು ಎಂದು ಆ ಮಹಾಶಯರಿಗೆ ಹೇಳಬಹುದಿತ್ತು. ಅಷ್ಟರಲ್ಲಿ ಅವರು ಗಾಯಕಿಯ ಜೊತೆ ಫೋಟೊ ತೆಗೆಸಿಕೊಳ್ಳುವ ಸಾಲಿನಲ್ಲಿದ್ದರು.

ಇನ್ನೊಂದು ಗುಂಪಿದೆ. “ಹಿಂದಿನ ಕಾಲದಲ್ಲಿ ರಾಜಾಶ್ರಯವಿತ್ತು, ಕಲಾವಿದರು ನಿಶ್ಚಿಂತೆಯಿಂದಿದ್ದರು, ಈಗ ಪಾಪ” ಎಂದು ನನ್ನ ಪರವಾಗಿ ನಿಟ್ಟುಸಿರು ಬಿಡುವವರು. ಅವರಿಗೆ ಆಸ್ಟ್ರಿಯಾದ ಹೆಸರಾಂತ ಸಂಗೀತ ರಚನೆಕಾರ ಯೋಸೆಫ್ ಹೈಡನ್‌ನ ಕರಾರುಪತ್ರ ಓದಿ ಹೇಳಬೇಕು. 1761ರಲ್ಲಿ ಎಸ್ಟರ್‌ಹಾಜಿ ಅರಸು ಮನೆತನದಲ್ಲಿ ಕೆಲಸಕ್ಕೆ ಸೇರಿದಾಗ ಬರೆದುಕೊಟ್ಟದ್ದು. ಸಮವಸ್ತ್ರ ಧರಿಸಬೇಕು, ಬಿಳಿ ಕಾಲುಚೀಲ ಹಾಕಬೇಕು, ಕೂದಲಿಗೆ ಪೌಡರ್ ಬಳಿದಿರಬೇಕು. ದಿನವೂ ಮಧ್ಯಾಹ್ನಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಒಡೆಯರ ಹೊರಕೋಣೆಯಲ್ಲಿ ನಿಂತು, ಇವತ್ತು ಸಂಗೀತ ಬೇಕೇ ಬೇಡವೇ ಎಂದು ಅಪ್ಪಣೆಗೆ ಕಾಯಬೇಕು. ಬರೆದ ಸಂಗೀತವೆಲ್ಲ ಒಡೆಯರದೇ, ಬೇರೆಯವರಿಗೆ ಪ್ರತಿ ಕೊಡುವಂತಿಲ್ಲ. ಈ ಕೊನೆಯ ಷರತ್ತು ಸಡಿಲವಾಗಿ ಹೊಸ ಕರಾರು ಆದದ್ದು 1779ರಲ್ಲಿ.

ಜರ್ಮನಿಯ ಮಹಾನ್ ಸಂಗೀತ ರಚನೆಕಾರ ಬಾಖ್‌ನ ಕಥೆ ಇನ್ನೂ ಸೊಗಸು. ಲೈಪ್‌ಜಿಗ್ ನಗರದಲ್ಲಿ ಅವನಿಗೆ ಸಂಬಳದ ಮೇಲೆ ಮದುವೆ, ಶವಸಂಸ್ಕಾರಗಳ ಸಂಗೀತಕ್ಕೆ ಬಿಡಿ ಸಂಭಾವನೆ ಬರುತ್ತಿತ್ತು. 1730ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಹೋದ ವರ್ಷ ಊರಿನ ಗಾಳಿ ಒಳ್ಳೆಯದಿದ್ದುದರಿಂದ ಸಾವುಗಳು ಕಡಿಮೆಯಾಗಿ ತನಗೆ ನೂರಕ್ಕೂ ಹೆಚ್ಚು ಟಾಲರ್ (ಅಂದಿನ ಬೆಳ್ಳಿ ನಾಣ್ಯ) ಖೋತಾ ಆಯಿತೆಂದು ಗೊಣಗಿದ್ದಾನೆ. ಬಾಖ್! ಕಾರ್ಯಕ್ರಮ ರದ್ದಾದ ದಿನ ಈ ಪತ್ರ ನೆನೆಸಿಕೊಂಡರೆ ನನಗೆ ಸ್ವಲ್ಪ ಸಮಾಧಾನವಾಗುತ್ತದೆ.

ಯಂತ್ರಗಳು ಬಂದದ್ದೂ ನಿನ್ನೆ ಮೊನ್ನೆಯಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಚಿತ್ರಮಂದಿರಗಳೊಳಗೇ ವಾದ್ಯ ನುಡಿಸುವವರಿದ್ದರು. 1927ರಿಂದ ಚಿತ್ರಗಳು ಮಾತಾಡತೊಡಗಿದವು, ಕೆಲವೇ ವರ್ಷಗಳಲ್ಲಿ ಸಾವಿರಾರು ವಾದಕರು ಬೀದಿಗೆ ಬಂದರು. ಅಮೆರಿಕದ ಸಂಗೀತಗಾರರ ಒಕ್ಕೂಟ ಯಂತ್ರಮಾನವನ ಚಿತ್ರ ಹಾಕಿಸಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು, ಚಿತ್ರಮಂದಿರದವರು ಕಿವಿಗೊಡಲಿಲ್ಲ. ಅದೇ ಒಕ್ಕೂಟ 1942ರ ಆಗಸ್ಟ್‌ನಲ್ಲಿ, ಗ್ರಾಮಫೋನ್ ತಟ್ಟೆಗಳು ಮಾರಾಟವಾದಂತೆ ವಾದಕರಿಗೂ ಪಾಲು ಬೇಕೆಂದು ಧ್ವನಿಮುದ್ರಣವನ್ನೇ ನಿಲ್ಲಿಸಿತು. ದೊಡ್ಡ ಕಂಪನಿಗಳು ಮಣಿಯಲು 1944ರ ನವೆಂಬರ್‌ವರೆಗೆ ಹಿಡಿಯಿತು. ಗೆದ್ದರು, ನಿಜ. ಆದರೆ ಹಾಡುವವರು ಒಕ್ಕೂಟದಲ್ಲಿರಲಿಲ್ಲ. ಆ ದಿನಗಳಲ್ಲಿ ಅವರಲ್ಲಿ ಕೆಲವರು ಹಿಮ್ಮೇಳಕ್ಕೆ ವಾದ್ಯಗಳ ಬದಲು ಬರಿಯ ಕಂಠಗಳನ್ನೇ ಇಟ್ಟುಕೊಂಡು ಹಾಡಿ ತಟ್ಟೆ ಹೊರಡಿಸಿದರು, ಜನಪ್ರಿಯರಾದರು. ಮುಷ್ಕರ ಮುಗಿಯುವ ಹೊತ್ತಿಗೆ ದೊಡ್ಡ ವಾದ್ಯವೃಂದಗಳ ಕಾಲ ಇಳಿಮುಖವಾಗಿತ್ತು. ಈಗಂತೂ, ದೊಡ್ಡ ಸ್ಟ್ರೀಮಿಂಗ್ ಕಂಪನಿಯಾದ ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ ಸಾವಿರ ಸಲವೂ ಕೇಳದ ಹಾಡಿಗೆ ಹಣವನ್ನೇ ಲೆಕ್ಕ ಹಾಕುವುದಿಲ್ಲ. ಸಾವಿರ ದಾಟಿದರೂ, ಒಂದೇ ಸಲಕ್ಕೆ ಸಂಭಾವನೆ ಪಡೆದು ನುಡಿಸಿ ಹೋದ ನನ್ನಂಥವನಿಗೆ ಅದರಲ್ಲಿ ಸಾಮಾನ್ಯವಾಗಿ ಬಿಡಿಗಾಸೂ ಬರುವುದಿಲ್ಲ.

ಆದ್ದರಿಂದ ದುಡ್ಡಿನ ವಿಷಯದಲ್ಲಿ ಅಂದಿಗೂ ಇಂದಿಗೂ ಅಂಥ ವ್ಯತ್ಯಾಸವೇನೂ ಇಲ್ಲ. ಅಂದೂ ನಾಲ್ಕು ಕಡೆಯಿಂದ ಕೂಡಿಸುತ್ತಿದ್ದರು, ಇಂದೂ ಕೂಡಿಸುತ್ತೇವೆ. ಮಾತು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಯಾರೂ ಕೇಳದ ಪ್ರಶ್ನೆಯೊಂದು ಉಳಿದಿದೆ. ನುಡಿಸುವಾಗ ನಿಮಗೆ ಏನು ಕೇಳಿಸುತ್ತದೆ? ಇದನ್ನು ಕೇಳಿದ್ದರೆ ಅಂದು ತಂತಿ ಬಿಗಿಯುತ್ತಲೇ ಸಂತೋಷದಿಂದ ಉತ್ತರಿಸುತ್ತಿದ್ದೆ.

ನನ್ನ ಪಿಟೀಲಂತೂ ಅಲ್ಲ. ಅದು ಎಡಗಿವಿಯ ಪಕ್ಕದಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ. ನಾನು ಕೇಳಿಸಿಕೊಳ್ಳುವುದು ಹಾಡುವವರ ಉಸಿರನ್ನು. ಆಳವಾಗಿ ಎಳೆದರೆ ಉದ್ದನೆಯ ಸಾಲು ಬರಲಿದೆ, ನಾನು ಸುಮ್ಮನಿರಬೇಕು. ಅರ್ಧಕ್ಕೇ ಎಳೆದರೆ ಸಾಲಿನ ತುದಿ ಬೇಗ ಕಡಿಯುತ್ತದೆ, ಆ ಜಾಗ ತುಂಬಲು ಕಮಾನು ಸಿದ್ಧವಿರಬೇಕು. ಇದನ್ನು ಪಾಠದಲ್ಲಿ ಕಲಿತದ್ದಲ್ಲ. ಮೊದಲೆಲ್ಲ ರೆಕಾರ್ಡಿಂಗ್ ಎಂದರೆ ಪಿಟೀಲಿನವರೆಲ್ಲ ಒಂದೇ ಕೋಣೆಯಲ್ಲಿ ಸಾಲಾಗಿ ಕೂರುತ್ತಿದ್ದೆವು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರು ಮಾತೇ ಆಡುತ್ತಿರಲಿಲ್ಲ. ಅವರ ಕಿವಿಯ ಹಿಂದೆ ಒಂದು ಮೊಂಡು ಪೆನ್ಸಿಲ್ ಸದಾ ಇರುತ್ತಿತ್ತು. ನಡುವೆ ನಾಲ್ಕು ಮಾತ್ರೆ ಬಿಡುವು ಬಂದರೆ ಸಾಕು, ಕೈ ಚಾಚಿ ನನ್ನ ಹಾಳೆಯ ಮೇಲೆ ಒಂದು ಗೆರೆ ಎಳೆದು, ಪೆನ್ಸಿಲ್ ಸಿಕ್ಕಿಸಿಕೊಂಡು, ತಮ್ಮ ಸ್ವರಕ್ಕೆ ಸರಿಯಾಗಿ ಬರುತ್ತಿದ್ದರು. ಅಲ್ಲಿ ಕಮಾನು ಉಳಿಸು ಎಂದೋ, ಇಲ್ಲಿ ಎಲ್ಲರೂ ಓಡುತ್ತಾರೆ, ನೀನು ಓಡಬೇಡ ಎಂದೋ ಆ ಗೆರೆಯೇ ಹೇಳುತ್ತಿತ್ತು. ಆ ಹಾಳೆಗಳಲ್ಲಿ ಕೆಲವು ಇನ್ನೂ ನನ್ನ ಬಳಿ ಇವೆ.

ಈಗ ಹೆಡ್‌ಫೋನ್ ಹಾಕಿಕೊಂಡು, ತಾಳ ತೋರಿಸುವ ಕ್ಲಿಕ್ ಸದ್ದಿನ ಜೊತೆ ಒಬ್ಬನೇ ಕೂರುತ್ತೇನೆ. ಎಂಟು ಪಿಟೀಲುಗಳ ದನಿ ಬೇಕೆಂದರೆ ಅದೇ ಸಾಲನ್ನು ಎಂಟು ಸಲ ನುಡಿಸುತ್ತೇನೆ. ಎಂಟೂ ಸಲ ಒಂದೇ ರೀತಿ ನುಡಿಸಿದರೆ ಅದು ಗುಂಪಿನಂತೆ ಕೇಳುವುದೇ ಇಲ್ಲ. ಹಾಗಾಗಿ ಒಂದು ಸಲ ಮೈಕಿಗೆ ಹತ್ತಿರ ಕೂರುತ್ತೇನೆ, ಇನ್ನೊಂದು ಸಲ ಕುರ್ಚಿ ಹಿಂದಕ್ಕೆಳೆಯುತ್ತೇನೆ, ಮತ್ತೊಂದು ಸಲ ಬೇರೆ ಪಿಟೀಲು ತೆಗೆಯುತ್ತೇನೆ. ಒಂದು ಸರದಿಯಲ್ಲಿ ಆ ಹಿರಿಯರ ಹಾಗೆ ತುಸು ತಡೆದು ನುಡಿಸುತ್ತೇನೆ. ಪಕ್ಕದವರೆಲ್ಲರ ಪಾತ್ರವೂ ನನ್ನದೇ. ಕೆಲಸ ಬೇಗ ಮುಗಿಯುತ್ತದೆ, ಯಾರ ಮುನಿಸೂ ಇಲ್ಲ, ಫಲಿತಾಂಶವೂ ಚೆನ್ನಾಗಿಯೇ ಇರುತ್ತದೆ. ಹೊಸಬನೊಬ್ಬ ಎಲ್ಲಿ ಕುಳಿತು ಕಲಿಯಬೇಕು ಎಂಬುದಕ್ಕೆ ಮಾತ್ರ ಈ ಏರ್ಪಾಡಿನಲ್ಲಿ ಜಾಗವಿಲ್ಲ.

ಈಚೆಗೆ ಒಬ್ಬ ಹುಡುಗ ತಾನು ನುಡಿಸಿದ್ದನ್ನು ಕಳುಹಿಸಿ, ಹೇಗಿದೆ ಸಾರ್ ಎಂದು ಕೇಳಿದ್ದ. ಶ್ರುತಿ ಅಚ್ಚುಕಟ್ಟು, ತಾಳ ಅಚ್ಚುಕಟ್ಟು. ತಪ್ಪು ಹುಡುಕಿದರೂ ಸಿಗಲಿಲ್ಲ. ಉಸಿರಾಡುವ ಮನುಷ್ಯರೊಬ್ಬರ ಹಿಂದೆ ಅವನು ಒಮ್ಮೆಯೂ ನುಡಿಸಿಲ್ಲ ಎಂಬುದು ಮಾತ್ರ ಗೊತ್ತಾಗುತ್ತಿತ್ತು. ಬರುವ ಶನಿವಾರ ಕಾರ್ಯಕ್ರಮವಿದೆ, ನನ್ನ ಪಕ್ಕ ಕೂರುತ್ತೀಯಾ ಎಂದೆ. ಸಂಭಾವನೆ ಎಷ್ಟೆಂದು ಕೇಳಿ ತಿಳಿದುಕೊಂಡ, ಕೇಳಬೇಕಾದದ್ದೇ. ಆಮೇಲೆ, “ಯಾವ ಶ್ರುತಿ ಸಾರ್? ಅಭ್ಯಾಸ ಮಾಡಿಕೊಂಡು ಬರುತ್ತೇನೆ” ಎಂದ.

ಹಾಡುವವರಿಗೆ ನೆಗಡಿಯಂತೆ, ವೇದಿಕೆ ಹತ್ತಿದ ಮೇಲೇ ಗೊತ್ತಾಗುವುದು ಎಂದೆ.