ಟಿಕ್ ಅಂದ ಏಳು ಗುಂಡು

ಪೆಟ್ಟಿಗೆಯಲ್ಲಿ ಇದ್ದದ್ದು 50 ಗುಂಡು. ಅದರಲ್ಲಿ ಏಳು ಮೊದಲ ಏಟಿಗೆ ಹಾರಲೇ ಇಲ್ಲ. ಟ್ರಿಗರ್ ಎಳೆದರೆ ಟಿಕ್ ಅಂತಿತ್ತು, ಅಷ್ಟೇ.

2024ರ ಆಗಸ್ಟ್ 4, ರವಿವಾರ. ಬೆಳಗಾವಿಯ ಮಳೆ ಹೇಗಿರುತ್ತೆ ಅಂತ ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ. ಅಂಥ ದಿನವೂ ನಮ್ಮ ಶೂಟಿಂಗ್ ರೇಂಜಿನಲ್ಲಿ ಜಾತ್ರೆ. ಮೂರು ದಿನದ ಹಿಂದಷ್ಟೇ ಕೊಲ್ಹಾಪುರ ಜಿಲ್ಲೆಯ ಹುಡುಗ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದಿದ್ದ. ಕೊಲ್ಹಾಪುರ ಅಂದ್ರೆ ನಮಗೆ ಪಕ್ಕದ ಓಣಿ ಇದ್ದಂಗೆ. ರೇನ್‌ಕೋಟ್ ಹಾಕಿಕೊಂಡ ಅಪ್ಪಂದಿರು ಮಕ್ಕಳ ಕೈ ಹಿಡಿದು ಏರ್ ಪಿಸ್ತೂಲಿನ ಹಾಲ್ ಮುಂದೆ ಸಾಲು ನಿಂತಿದ್ದರು. ನಮ್ಮ 25 ಮೀಟರ್ ಕಡೆ ನಾಲ್ಕೇ ಜನ, ಎಂದಿನಂತೆ. ಹಿಂದಿನ ದಿನವಷ್ಟೇ ಮನು ಭಾಕರ್ ಇದೇ 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತಿದ್ದಳು. ಆ ಸ್ಪರ್ಧೆಯಲ್ಲಿ ಬಳಸುವುದೂ ನನ್ನ ಕೈಯಲ್ಲಿದ್ದ .22 ಗುಂಡನ್ನೇ, ಅಂದ್ರೆ ಸುಮಾರು 0.22 ಇಂಚು ದಪ್ಪದ್ದು. ಹೋಲಿಕೆ ಅಲ್ಲಿಗೇ ಮುಗಿಯಿತು.

ನಾನು ಉದ್ಯಮಬಾಗದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವನು. ಎರಡು ಲೇಥು, ಒಂದು ಮಿಲ್ಲಿಂಗ್, ಮೂವರು ಹುಡುಗರು. ಗುಂಡಿನ ರುಚಿ ಹತ್ತಿದ್ದು ಕಾಲೇಜಿನ ಎನ್‌ಸಿಸಿಯಲ್ಲಿ. ಹೊಟ್ಟೆ ಮೇಲೆ ಮಲಗಿ .22 ರೈಫಲ್‌ನಲ್ಲಿ ಐದು ಗುಂಡು. ಆಮೇಲೆ ಖಾಲಿ ಖೋಕಾ, ಅಂದ್ರೆ ಗುಂಡು ಹಾರಿದ ಮೇಲೆ ಉಳಿಯುವ ಕೇಸು, ಒಂದೂ ಕಳೆಯದಂತೆ ಹುಲ್ಲಿನಲ್ಲಿ ಹುಡುಕಿ ಎಣಿಸಿ ಕೊಡಬೇಕು. ಖೋಕಾ ಹುಡುಕಿದಷ್ಟು ಹೊತ್ತು ಗುರಿ ಹಿಡಿದಿರಲಿಲ್ಲ. ಆದರೂ ಆ ಐದು ಗುಂಡು ತಲೆಯಲ್ಲಿ ಉಳಿದುಬಿಟ್ಟವು.

ನಲವತ್ತು ದಾಟಿದ ಮೇಲೆ ಲೈಸೆನ್ಸ್‌ಗೆ ಅರ್ಜಿ ಹಾಕಿದೆ. ಅದರ ಕತೆ ಉದ್ದ, ಇಲ್ಲಿ ಬೇಡ. ಪೊಲೀಸರು ವಿಚಾರಣೆಗೆ ಬಂದ ದಿನದಿಂದ ಓಣಿಯಲ್ಲಿ ನನ್ನ ಹೆಸರು ಬದಲಾಯಿತು ಅಂತ ಮಾತ್ರ ಹೇಳಬೇಕು. "ಏನ್ರೀ ಅಮಟೂರ ಬಾಳಪ್ಪ, ಆರಾಮ?" ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆಯನ್ನು ಒಂದೇ ಗುಂಡಿಗೆ ಕೆಡವಿದವನು ಬಾಳಪ್ಪ. ನಾನು 25 ಮೀಟರ್ ದೂರದಲ್ಲಿ ನಿಂತ ಕಾಗದಕ್ಕೆ ಹೊಡೆಯಲಾರದವನು.

.22 ಯಾಕೆ ಅಂದ್ರೆ ರೊಕ್ಕ. ವಿದೇಶಿ ಮ್ಯಾಚ್ ಪಿಸ್ತೂಲು ಲಕ್ಷಗಳ ಮಾತು. .32 ಪಿಸ್ತೂಲು ತಗೊಳ್ಳಬಹುದಿತ್ತು, ಆದರೆ ಅದರ ಒಂದೊಂದು ಗುಂಡಿನ ಬೆಲೆ ಕೇಳಿದರೆ ಅಭ್ಯಾಸ ಮಾಡಲು ಮನಸ್ಸೇ ಬರುವುದಿಲ್ಲ. ಗುಂಡು ಎಣಿಸುತ್ತಾ ಕೂತರೆ ಕೈ ಪಳಗುವುದು ಯಾವಾಗ? ಕೊನೆಗೆ ಟಿಳಕವಾಡಿಯ ಒಬ್ಬ ಹಿರಿಯರು ಕಣ್ಣು ಮಂಜಾಯಿತು ಅಂತ ತಮ್ಮ ಹಳೇ .22 ಟಾರ್ಗೆಟ್ ಪಿಸ್ತೂಲನ್ನು ಕೊಡಲು ಒಪ್ಪಿದರು. ಕಾಗದಪತ್ರ ಎಲ್ಲ ಮುಗಿದು ಅದು ನನ್ನ ಲೈಸೆನ್ಸ್‌ಗೆ ಏರಿತು. ಈಗಿನ ಕಾನೂನಿನಂತೆ ಒಬ್ಬರಿಗೆ ಎರಡೇ ಆಯುಧ. ನನಗೆ ಒಂದೇ ಸಾಕಾಗಿ ಹೋಗಿದೆ.

ಈ ಗುಂಡಿನ ಬಗ್ಗೆ ಸ್ವಲ್ಪ ಹೇಳಬೇಕು. ಚಿಕ್ಕವರಿದ್ದಾಗ ದೀಪಾವಳಿಗೆ ಟಿಕಳಿ ಪಿಸ್ತೂಲು ಹೊಡೆದಿದ್ದೀರಲ್ವಾ? ಕುದುರೆ ಬಂದು ಟಿಕಳಿ ಮೇಲೆ ಬಡಿದರೆ ಫಟ್. ದೊಡ್ಡ ಪಿಸ್ತೂಲುಗಳ ಗುಂಡಿನಲ್ಲಿ ಆ ಟಿಕಳಿ ಕೇಸಿನ ಹಿಂಬದಿಯಲ್ಲಿ ನಟ್ಟನಡುವೆ ಕೂತಿರುತ್ತೆ. .22ರಲ್ಲಿ ಹಾಗಲ್ಲ. ಕೇಸಿನ ಬುಡಕ್ಕೆ ಮಡಿಚಿದ ಅಂಚು ಇರುತ್ತಲ್ಲ, ತಟ್ಟೆಯ ಕಂಠದಂತೆ, ಆ ಮಡಿಕೆಯೊಳಗೇ ಮದ್ದು ತುಂಬಿರುತ್ತಾರೆ. ಟ್ರಿಗರ್ ಎಳೆದಾಗ ಪಿಸ್ತೂಲಿನೊಳಗಿನ ಪಿನ್ನು ಬಂದು ಅಂಚನ್ನು ಜಜ್ಜಬೇಕು. ತಗಡು ತೆಳು, ಮಾಡುವುದು ಸುಲಭ, ಅದಕ್ಕೇ ಅಗ್ಗ. ಆದರೆ ಮದ್ದು ಅಂಚಿನ ಸುತ್ತ ಒಂದೇ ಸಮನೆ ಹರಡದಿದ್ದರೆ, ಖಾಲಿ ಉಳಿದ ಜಾಗಕ್ಕೇ ಪಿನ್ನು ಬಿದ್ದರೆ, ಟಿಕ್. ಸೀಸದ ತಲೆ 40 ಗ್ರೇನ್, ಅಂದ್ರೆ ಎರಡೂವರೆ ಗ್ರಾಂ ಚಿಲ್ಲರೆ. ಕೈಗೆ ಒದೆತವೇ ಇಲ್ಲ ಅನ್ನಬೇಕು.

ಒದೆತ ಇಲ್ಲ ಅಂತ ನಾನು ನಂಬಿದ್ದೆ.

ಆ ವರ್ಷ ಲೋಕಸಭೆ ಚುನಾವಣೆ. ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಪಿಸ್ತೂಲು ಠಾಣೆಗೆ ಹೋಯಿತು. ಮೇ 7ಕ್ಕೆ ನಮ್ಮಲ್ಲಿ ಮತದಾನ, ಜೂನ್ 4ಕ್ಕೆ ಎಣಿಕೆ. ಅದಾದ ಮೇಲೆ ರಸೀದಿ ತೋರಿಸಿ ಬಿಡಿಸಿಕೊಂಡು ಬಂದೆ. ವರ್ಕ್‌ಶಾಪಿನ ಕೆಲಸ, ಮಳೆ ಅಂತ ರೇಂಜಿಗೆ ಹೋಗಿರಲಿಲ್ಲ. ಹಾಗಾಗಿ ಆ ರವಿವಾರ ಐದು ತಿಂಗಳ ಮೇಲಿನ ಮೊದಲ ದಿನ.

ನಮ್ಮ ರೇಂಜಿನ ಕೋಚ್ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾದ ಸುಬೇದಾರರು. ಅರ್ಧ ಕನ್ನಡ, ಅರ್ಧ ಮರಾಠಿ, ಕಮಾಂಡ್ ಮಾತ್ರ ಹಿಂದಿ. ಸ್ಟಾಂಡರ್ಡ್ ಪಿಸ್ತೂಲ್ ಕ್ರಮದಲ್ಲಿ ಅಭ್ಯಾಸ ಮಾಡಿಸುತ್ತಾರೆ. ಮೊದಲು 150 ಸೆಕೆಂಡಿಗೆ ಐದು ಗುಂಡು, ಆಮೇಲೆ 20 ಸೆಕೆಂಡಿಗೆ ಐದು, ಕೊನೆಗೆ 10 ಸೆಕೆಂಡಿಗೆ ಐದು. ಟಾರ್ಗೆಟ್ಟಿನ ಹತ್ತು ಅಂಕದ ವೃತ್ತ 50 ಮಿಲಿಮೀಟರ್ ಅಗಲ. ಹೆಚ್ಚುಕಡಿಮೆ ಚಹಾದಂಗಡಿಯ ಗಾಜಿನ ಲೋಟದ ಬಾಯಿ. ನನ್ನ ಗುಂಡುಗಳು ಆ ಲೋಟದ ಕೆಳಗೆ, ಎಡಕ್ಕೆ ಬೀಳುತ್ತವೆ. ಗಡಿಯಾರದ ಏಳು ಗಂಟೆ ದಿಕ್ಕಿಗೆ. ಚಳಿಗಾಲದಿಂದಲೂ ಇದೇ ಕತೆ. ನಾನು ಪಿಸ್ತೂಲಿನ ಹಿಂಬದಿಯ ಸೈಟಿನ, ಅಂದ್ರೆ ಗುರಿ ನೋಡುವ ಕಿಂಡಿಯ, ಸ್ಕ್ರೂವನ್ನು ಒಂದೊಂದೇ ಕ್ಲಿಕ್ ಮೇಲಕ್ಕೆ ತಿರುಗಿಸುತ್ತಾ ಬಂದಿದ್ದೆ. ಹಳೇ ಪಿಸ್ತೂಲು, ಸೈಟು ಸವೆದಿದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಮೂರನೇ ಸುತ್ತಿನ ಎರಡನೇ ಗುಂಡು. ಟಿಕ್.

ಹಾರದ ಗುಂಡು ಸಿಕ್ಕರೆ ಮಾಡುವುದು ಒಂದೇ. ಪಿಸ್ತೂಲು ಟಾರ್ಗೆಟ್ ಕಡೆಗೇ ಹಿಡಿದು ನಿಲ್ಲಬೇಕು. ಕನಿಷ್ಠ 30 ಸೆಕೆಂಡು. ಒಳಗೆ ಮದ್ದು ನಿಧಾನಕ್ಕೆ ಹತ್ತಿಕೊಂಡಿದ್ದರೆ ತಡವಾಗಿ ಹಾರಬಹುದು. ಇನ್ನೊಂದು ಕೈ ಮೇಲೆತ್ತಿ ನಿಂತೆ. ಸುಬೇದಾರರು ಬಂದು ಪಕ್ಕದಲ್ಲಿ ನಿಂತರು. ಮನಸ್ಸಿನಲ್ಲೇ ಎಣಿಸುತ್ತಿದ್ದೆ.

"ಈಗ ನಿಮ್ ಕೈ ಏನ್ ಮಾಡ್ತು, ಗೊತ್ತಾತೇನ್ರಿ?"

"ಗುಂಡು ಥಂಡಿ ಹಿಡದೈತಿ ಅನಸ್ತೈತ್ರಿ ಸಾಹೇಬ್ರ. ಮಳಿ ನೋಡ್ರಿ ಹೆಂಗ ಐತಿ."

"ಗುಂಡಿನ ಸುದ್ದಿ ಆಮ್ಯಾಲೆ ಮಾತಾಡೂಣು. ನಾ ಕೈ ಸುದ್ದಿ ಕೇಳಾಕತ್ತೀನಿ."

ನನಗೆ ಗೊತ್ತಾಗಿತ್ತು. ಟಿಕ್ ಅಂದ ಕ್ಷಣಕ್ಕೆ ಪಿಸ್ತೂಲಿನ ಮೂತಿ ಕೋಳಿ ಕಾಳು ಹೆಕ್ಕಿದಂತೆ ಕೆಳಗೆ ಕುಕ್ಕಿತ್ತು. ಗುಂಡು ಹಾರಿದ್ದರೆ ಸದ್ದು, ಒದೆತದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಹಾರಲಿಲ್ಲ, ಹಾಗಾಗಿ ಬತ್ತಲಾಯಿತು. ಸದ್ದು ಬರುವ ಮುಂಚೆಯೇ ಕೈ ಬೆಚ್ಚುತ್ತಿದೆ. ಏಳು ಗಂಟೆ ದಿಕ್ಕಿನ ಗುಟ್ಟು ಅದು. ಪಾಪ, ಸೈಟಿನ ಸ್ಕ್ರೂ ಏನು ಮಾಡೀತು?

ಸುಬೇದಾರರು ಆಮೇಲೆ ಮ್ಯಾಗಝಿನ್ ತುಂಬುವ ಕೆಲಸ ತಾವೇ ವಹಿಸಿಕೊಂಡರು. ನನಗೆ ಬೆನ್ನು ತೋರಿಸಿ, ಐದರಲ್ಲಿ ಒಂದೋ ಎರಡೋ ಪ್ಲಾಸ್ಟಿಕ್ ನಕಲಿ ಗುಂಡು ಸೇರಿಸಿ ಕೊಡುತ್ತಿದ್ದರು. ಯಾವುದು ಅಸಲಿ, ಯಾವುದು ನಕಲಿ ನನಗೆ ಗೊತ್ತಿಲ್ಲ. ನಕಲಿ ಬಂದಾಗೆಲ್ಲ ಮೂತಿ ಕುಕ್ಕುತ್ತಿತ್ತು. ಅದರ ನಡುವೆ ಅಸಲಿ ಗುಂಡುಗಳೂ ಒಂದೊಂದಾಗಿ ಟಿಕ್ ಅನ್ನತೊಡಗಿದವು. ಪಕ್ಕದ ಲೇನಿನ ಹುಡುಗ ನಗು ತಡೆದುಕೊಂಡು ಮುಖ ಆ ಕಡೆ ತಿರುಗಿಸಿದ. ಎಲ್ಲ ಮುಗಿದಾಗ ಏಳು ಗುಂಡು ಮೇಜಿನ ಮೇಲೆ ಸಾಲಾಗಿ ಕೂತಿದ್ದವು.

ಇನ್ನು ಗುಂಡಿನ ಸುದ್ದಿ. ಥಂಡಿ ಅಂತ ನಾನು ಹಟ ಹಿಡಿದಿದ್ದೆ. ಸುಬೇದಾರರು ಏಳನ್ನೂ ಅಂಗೈ ಮೇಲೆ ಇಟ್ಟುಕೊಂಡು ಅಂಚು ತೋರಿಸಿದರು. ಪಿನ್ನಿನ ಗುರುತು ಇತ್ತು, ಆದರೆ ತೇಲಿದಂತೆ. ಹಾರಿದ ಖೋಕಾ ಒಂದನ್ನು ಪಕ್ಕಕ್ಕಿಟ್ಟರೆ ಫರಕು ಎದ್ದು ಕಾಣುತ್ತಿತ್ತು. ಅದರಲ್ಲಿ ಗುಳಿ ಆಳ, ಇವುಗಳಲ್ಲಿ ಗೀರು. ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ಅಂದರು. ಏಳರಲ್ಲಿ ಐದು ಎರಡನೇ ಸಲಕ್ಕೆ ಹಾರಿದವು. ಥಂಡಿ ಹಿಡಿದ ಗುಂಡು ಹಾಗೆ ಹಾರುತ್ತಾ?

ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದೆ. ಸೀಸದ ಪುಡಿ ಕೈಗೆ ಹತ್ತಿರುತ್ತೆ, ಹಾಗೇ ರೊಟ್ಟಿ ಮುರಿಯಬಾರದು. ಊಟ ಆದ ಮೇಲೆ ಪಿಸ್ತೂಲು ಬಿಚ್ಚಿ, ವರ್ಕ್‌ಶಾಪಿನಿಂದ ತಂದಿದ್ದ ಹತ್ತು ಪಟ್ಟಿನ ಲೆನ್ಸ್ ಕಣ್ಣಿಗೆ ಹಚ್ಚಿ ನೋಡಿದೆ. ಗುಂಡು ಕೂರುವ ಗೂಡಿನ ಬಾಯಲ್ಲಿ, ಸರಿಯಾಗಿ ಪಿನ್ನು ಬಂದು ಬಡಿಯುವ ಜಾಗದಲ್ಲಿ, ಒಂದು ತಗ್ಗು. ತಗ್ಗಿನ ಪಕ್ಕಕ್ಕೆ ಒತ್ತಿಹೋದ ಲೋಹ ಒಳಗೆ ಬರ್ ಆಗಿ ಎದ್ದು ನಿಂತಿದೆ. ಗುಂಡು ಪೂರ್ತಿ ಒಳಗೆ ಕೂರದಂತೆ ಆ ಬರ್ ಕೂದಲೆಳೆಯಷ್ಟು ತಡೆಯುತ್ತಿದೆ. ಪಿನ್ನಿನ ಏಟಿನ ಅರ್ಧ ಜೋರು ಗುಂಡನ್ನು ಒಳಗೆ ತಳ್ಳುವುದರಲ್ಲೇ ಖರ್ಚಾಗುತ್ತಿದೆ. ಅಂಚು ಜಜ್ಜಲು ಉಳಿಯುವುದು ಇನ್ನರ್ಧ.

ಆ ತಗ್ಗು ಮಾಡಿದವನು ಯಾರು? ಹಿರಿಯರ ಮೇಲೆ ಹಾಕಬಹುದಿತ್ತು. ಆದರೆ ಚಳಿಗಾಲವಿಡೀ ರಾತ್ರಿ ಊಟವಾದ ಮೇಲೆ, ಗುಂಡು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಖಾಲಿ ಪಿಸ್ತೂಲು ಹಿಡಿದು ಗೋಡೆಗೆ ಗುರಿಯಿಟ್ಟು ಟ್ರಿಗರ್ ಎಳೆದವನು ನಾನೇ. ಒಂದು ರಾತ್ರಿಗೆ ನೂರು ಸಲವಾದರೂ. ಏರ್ ಪಿಸ್ತೂಲಿನ ಹುಡುಗರು ಹಾಗೆ ಮಾಡುವುದನ್ನು ನೋಡಿ ಕಲಿತದ್ದು. ಅವರ ಪಿಸ್ತೂಲಿನಲ್ಲಿ ಅದಕ್ಕೆಂದೇ ವ್ಯವಸ್ಥೆ ಇರುತ್ತೆ. .22ರಲ್ಲಿ ಗುಂಡಿನ ಅಂಚು ನಡುವೆ ಇಲ್ಲದಿದ್ದರೆ ಪಿನ್ನು ಹೋಗಿ ಬಡಿಯುವುದು ಗೂಡಿನ ಬಾಯಿಗೇ. ಹೊಸ ಪಿಸ್ತೂಲು ಎಷ್ಟೋದರಲ್ಲಿ ಪಿನ್ನು ಅಲ್ಲಿಯವರೆಗೆ ಹೋಗದಂತೆ ತಡೆ ಇರುತ್ತೆ. ನನ್ನದರಲ್ಲಿ ಇಲ್ಲ, ಅಥವಾ ಇದ್ದದ್ದು ಸವೆದಿದೆ. ಆಗಲೇ ಹೆಂಡತಿ ಹೇಳಿದ್ದಳು: "ಏನ್ರೀ ಇದು ದಿನಾ ರಾತ್ರಿ ಟಿಕ್ ಟಿಕ್? ಮನ್ಯಾಗ ಹಲ್ಲಿ ಸಾಕಿದಂಗ ಆಗೈತಿ." ಹಲ್ಲಿ ನುಡಿದರೆ ಶಕುನ ಅಂತಾರೆ. ಕೇಳಬೇಕಿತ್ತು.

ನಿಜವಾದ ಸಂಕಟ ಶುರುವಾದದ್ದು ಆಮೇಲೆ. ನೂರರಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಜಾಬ್ ವಾಪಸು ಬರುವ ಧಂದೆ ನನ್ನದು. ಆ ಬರ್ ತೆಗೆಯಲು ಒಂದು ಸೂಜಿ ಅರ, ಐದು ನಿಮಿಷ ಸಾಕು ಅಂತ ಕೈ ತುರಿಸುತ್ತಿತ್ತು. ಆದರೆ ಲೈಸೆನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡುವ ಹಾಗಿಲ್ಲ. ನನ್ನ ಲೈಸೆನ್ಸ್ ಇಟ್ಟುಕೊಳ್ಳಲು ಕೊಟ್ಟದ್ದು, ಬಿಚ್ಚಿ ಅರ ಹಾಕಲು ಅಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋದೆ.

ಅವರು ನೋಡಿದರು, ಲೆನ್ಸ್ ಕೂಡ ಕೇಳಲಿಲ್ಲ. "ಖಾಲಿ ಹೊಡದೀರಿ," ಅಂದರು. ಅರ ಹಾಕಿದರೆ ಮುಗೀತಲ್ಲ ಅಂದೆ. ನಕ್ಕರು. ಅರ ಹಾಕಿದರೆ ಲೋಹ ಹೋಗುತ್ತೆ, ತಗ್ಗು ಹಾಗೇ ಉಳಿಯುತ್ತೆ, ಅಲ್ಲಿ ಕೇಸಿಗೆ ಆಸರೆ ಇರುವುದಿಲ್ಲ. ಡ್ರಾಯರ್ ತೆಗೆದು ಬೆರಳುದ್ದದ ಒಂದು ಉಕ್ಕಿನ ಸಲಾಕೆ ತೆಗೆದರು. ತುದಿ ಬೆಣೆಯ ಹಾಗೆ ಇಳಿಜಾರು, ಕನ್ನಡಿಯಂತೆ ನಯ. ಅದನ್ನು ಗೂಡಿಗೆ ತೂರಿಸಿ ನಿಧಾನಕ್ಕೆ ತಿರುವುತ್ತಾ ಒತ್ತಿದರು. ಒಳಗೆ ಚಾಚಿದ ಲೋಹವನ್ನು ಮತ್ತೆ ತಗ್ಗಿಗೇ ತಳ್ಳುತ್ತಿದ್ದರು. ಒಂದು ಚೂರೂ ಕೆಳಗೆ ಉದುರಲಿಲ್ಲ. ಇಪ್ಪತ್ತು ವರ್ಷದಿಂದ ಲೋಹ ಕೆತ್ತಿ ಹೊಟ್ಟೆ ಹೊರೆಯುತ್ತಿರುವ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅರ ಹಾಕದೇ ಇದ್ದದ್ದಕ್ಕೆ ಕಾನೂನಿಗೆ ಒಳಗೊಳಗೇ ಕೈ ಮುಗಿದೆ.

ಹೊರಡುವಾಗ, ಮನೆಯಲ್ಲಿ ಖಾಲಿ ಹೊಡೆಯಲೇಬೇಕಿದ್ದರೆ ಗೋಡೆಗೆ ಸ್ಕ್ರೂ ಕೂರಿಸುವಾಗ ಹಾಕುವ ಪ್ಲಾಸ್ಟಿಕ್ ಗಿಟ್ಟಿ ಇರುತ್ತಲ್ಲ, ಸರಿಯಾದ ಸೈಜಿನದು ನೋಡಿ ಗೂಡಿಗೆ ಹಾಕಿಕೊಳ್ಳಿ ಅಂದರು. ಪಿನ್ನಿನ ಏಟು ಅದು ತಿನ್ನುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಪೊಟ್ಟಣ ಕೊಂಡೆ. ಈ ಹವ್ಯಾಸದಲ್ಲಿ ನಾನು ಮಾಡಿದ ಅತಿ ಕಡಿಮೆ ಖರ್ಚು ಅದೇ.

ಎರಡು ವಾರ ಬಿಟ್ಟು ಮತ್ತೆ ರೇಂಜು. ಸೈಟಿನ ಸ್ಕ್ರೂವನ್ನು ಎಷ್ಟು ಕ್ಲಿಕ್ ಏರಿಸಿದ್ದೆನೋ ಅಷ್ಟೂ ಇಳಿಸಿದೆ. 50 ಗುಂಡು. 49 ಮೊದಲ ಏಟಿಗೇ ಹಾರಿದವು. ಗುಂಪು ಏಳು ಗಂಟೆಯಿಂದ ಸ್ವಲ್ಪ ಮೇಲೆ ಬಂದಿತ್ತು. 10 ಸೆಕೆಂಡಿನ ಕೊನೇ ಸುತ್ತಿನಲ್ಲಿ ಒಂದು ಟಿಕ್ ಅಂತು. ಮೂತಿ ಕುಕ್ಕಿತು. ಮೊದಲಿನಷ್ಟಲ್ಲ, ಆದರೆ ಕುಕ್ಕಿತು. ಸುಬೇದಾರರು ಆಗ ಏರ್ ಪಿಸ್ತೂಲಿನ ಒಬ್ಬ ಪೋರನ ಭುಜ ಸರಿಮಾಡುತ್ತಿದ್ದರು, ನೋಡಿರಲಿಲ್ಲ. ಕೈ ಮೇಲೆತ್ತಿ ನಿಂತು 30 ಎಣಿಸಿದೆ. ಅವರು ಬರುವಷ್ಟರಲ್ಲಿ ನಾನೇ ಹೇಳಿಬಿಟ್ಟೆ.

"ಬೆಚ್ಚಿದೆ ನೋಡ್ರಿ."

"ಹೂಂ," ಅಂದು ಜೇಬಿಗೆ ಕೈ ಹಾಕಿ ನಕಲಿ ಗುಂಡು ತೆಗೆದರು.