ಲೋಟದ ಹೊರಗಿನ ಹನಿ

ಇವತ್ತು ನಾಲ್ಕನೇ ಕ್ಲಾಸಿಗೆ ವಿಜ್ಞಾನದ ಮೌಖಿಕ ಪರೀಕ್ಷೆ.
ಸ್ಟೀಲ್ ಲೋಟದಲ್ಲಿ ಐಸ್ ನೀರು ಇಟ್ಟೆ. ಮುಂಬಯಿ ಸೆಕೆ ಗೊತ್ತಲ್ಲ, ನೋಡನೋಡ್ತಾ ಹೊರಗೆಲ್ಲ ಹನಿ.

"ಈ ನೀರು ಎಲ್ಲಿಂದ ಬಂತು?"
"ಒಳಗಿಂದ ಸೋರಿದ್ದು ಟೀಚರ್!" ಇಡೀ ಕ್ಲಾಸು ಒಂದೇ ದನಿ.

ಕಿಟಕಿ ಪಕ್ಕದ ಹುಡುಗಿ ಮಾತ್ರ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಬಣ್ಣದ ನೀರು ಹಾಕೋಣ ಟೀಚರ್. ಸೋರಿದ್ರೆ ಹನಿಗೂ ಬಣ್ಣ ಬರಬೇಕಲ್ವಾ?"

ನನ್ನ ಬಾಟಲಿಯ ಕೋಕಂ ಶರಬತ್ತು ಸುರಿದೆವು. ಮತ್ತೆ ಹನಿ ಕೂತಿತು. ತನ್ನ ಬಿಳಿ ಕರವಸ್ತ್ರದಿಂದ ಲೋಟ ಒರೆಸಿದಳು. ಒಂದು ಚೂರೂ ಕೆಂಪಿಲ್ಲ! ಬೆಂಚು ಬೆಂಚಿಗೂ ಹೋಗಿ ತೋರಿಸಿದಳು.

ಗಾಳಿಯಲ್ಲಿರೋ ನೀರಾವಿ ತಣ್ಣಗಿನ ಲೋಟಕ್ಕೆ ತಾಗಿ ಹನಿಯಾಗುತ್ತೆ. ಇದನ್ನ ನಾನು ಆಮೇಲೆ ಹೇಳಿಕೊಟ್ಟೆ.

ಅಂಕಪಟ್ಟಿಯಲ್ಲಿ 'ಸರಿ ಉತ್ತರ' ಅನ್ನೋ ಕಾಲಂ ಒಂದೇ ಇರೋದು. ಅವಳು ಕೇಳಿದ್ದು ಪ್ರಶ್ನೆ. ಅದಕ್ಕೆ ಎಲ್ಲಿ ಅಂಕ ಹಾಕಲಿ, ಹೇಳಿ?